ಒಂದೊಂದು ಬೆಟ್ಟಕ್ಕೆ ಒಂದೊಂದು ಹಲ್ಲಿ



ಹಲ್ಲಿ ಅಂದ ಕೂಡಲೇ ನಮಗೆ ನೆನಪಾಗುವುದು ಗೋಡೆ, ಟ್ಯೂಬ್‌ಲೈಟು, ಪಂಚಾಂಗ. ಮಾತಿನ ನಡುವೆ ಅದು ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ಬೆರಳಿನಿಂದ ನೆಲ ಬಡಿಯುವ ಹಿರಿಯರು ಈಗಲೂ ಇದ್ದಾರೆ. ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂಬ ಪಟ್ಟಿ ಪಂಚಾಂಗದಲ್ಲೇ ಸಿಗುತ್ತದೆ. ದೋಷ ಕಳೆದುಕೊಳ್ಳಬೇಕೆಂದು ಕಂಚಿಯ ವರದರಾಜಸ್ವಾಮಿ ಗುಡಿಗೆ ಹೋಗಿ ಅಲ್ಲಿನ ಚಿನ್ನದ ಹಲ್ಲಿಯನ್ನು ಮುಟ್ಟಿ ಬರುವವರೂ ಉಂಟು. ಇವತ್ತು ನಾನು ಮಾತಾಡಬೇಕೆಂದಿರುವ ಹಲ್ಲಿಗಳಿಗೂ ಈ ಶಕುನಗಳಿಗೂ ಸಂಬಂಧವಿಲ್ಲ. ಅವು ಮನುಷ್ಯರ ಮನೆಗೆ ಬಂದವಲ್ಲ, ಬರುವಂಥವೂ ಅಲ್ಲ. ತಾವು ಹುಟ್ಟಿದ ಬೆಟ್ಟವನ್ನೇ ಬಿಟ್ಟು ಕದಲದ ಜೀವಿಗಳು ಅವು. ಸಹ್ಯಾದ್ರಿಯ ಮಳೆಕಾಡುಗಳ ಹಲ್ಲಿಗಳು, ಮತ್ತು ಅವುಗಳ ಜೊತೆಗೇ ಅದೇ ಕಾಡಿನ ನೆಲದಲ್ಲಿ ಓಡಾಡುವ ಹಾವುರಾಣಿಗಳು.

ಮೊದಲು ಇಬ್ಬರ ಪರಿಚಯ ಮಾಡಿಕೊಳ್ಳೋಣ. ಲೋಕದಲ್ಲಿ ಹಲ್ಲಿಯ ಬಳಗದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹಾವುರಾಣಿಯ ಬಳಗದಲ್ಲಿ 1,700ಕ್ಕೂ ಹೆಚ್ಚು. ನಮ್ಮಲ್ಲಿ ಕಾಣುವ ಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಒಂದು ಪೊರೆ ಮಾತ್ರ. ಅದರ ಮೇಲೆ ಧೂಳು ಕೂತರೆ ಹಲ್ಲಿ ನಾಲಿಗೆಯನ್ನೇ ಹೊರಚಾಚಿ ಒರೆಸಿಕೊಳ್ಳುತ್ತದೆ. ಚರ್ಮ ಮೆದು, ಕಣಕಣವಾದ ಹುರುಪೆ. ಹಾವುರಾಣಿ ಹಾಗಲ್ಲ. ಅದಕ್ಕೆ ರೆಪ್ಪೆ ಉಂಟು, ಮೈ ನುಣುಪು, ಹೊಳಪು. ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳು, ಪ್ರತಿ ಹುರುಪೆಯ ಅಡಿಗೂ ತೆಳ್ಳನೆಯ ಎಲುಬಿನ ಬಿಲ್ಲೆಗಳು. ಈ ಕವಚದಿಂದಾಗಿ ಅದು ಒದ್ದೆ ಎಲೆ, ಮಣ್ಣು, ಕಲ್ಲುಗಳ ನಡುವೆ ಒಂದು ಗೀರೂ ಆಗದಂತೆ ಜಾರಿಕೊಂಡು ಹೋಗುತ್ತದೆ.

ಆ ನುಣುಪು ಮೈ, ಗಿಡ್ಡ ಕಾಲು, ಹರಿದಂತೆ ಸಾಗುವ ನಡೆ, ಇವುಗಳಿಂದ ಹಾವುರಾಣಿಗೆ ಬಂದ ಅಪವಾದ ಒಂದೆರಡಲ್ಲ. ಹಾವಿಗಿಂತ ಹೆಚ್ಚು ವಿಷ ಅದಕ್ಕೆ ಎನ್ನುವವರಿದ್ದಾರೆ. ಕೇರಳದಲ್ಲಿ ಇದಕ್ಕೆ ಅರಣೆ ಎನ್ನುತ್ತಾರೆ. ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲ, ಆದರೆ ಕಚ್ಚಲು ಬಂದ ಅರಣೆ ಬಂದ ಕೆಲಸವನ್ನೇ ಮರೆತು ಹಿಂದಿರುಗುತ್ತದೆ ಎಂಬ ನಂಬಿಕೆ ಅಲ್ಲಿಯದು. ಮರೆಗುಳಿಗಳಿಗೆ ಅರಣೆಯ ಬುದ್ಧಿ ಎಂದು ಬೈಯುವುದೂ ಉಂಟು. ನಿಜ ಸಂಗತಿ ಇಷ್ಟೇ: ಯಾವ ಹಾವುರಾಣಿಗೂ ವಿಷವಿಲ್ಲ, ನಮ್ಮ ಯಾವ ಹಲ್ಲಿಗೂ ವಿಷವಿಲ್ಲ. ಹೆದರಿ ಕೋಲು ಎತ್ತಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಇನ್ನು ಕಾಡಿನೊಳಕ್ಕೆ ಹೋಗೋಣ. ಮನೆಯ ಹಲ್ಲಿ ಗಾಜಿನ ಮೇಲೂ ತಲೆಕೆಳಗಾಗಿ ನಡೆಯುತ್ತದಲ್ಲ, ಅದರ ಗುಟ್ಟು ಏನೆಂದು ಬಹಳ ಕಾಲ ವಾದ ನಡೆದಿತ್ತು. ಅಂಟು ಇರಬಹುದು, ಹೀರುವ ಬಟ್ಟಲು ಇರಬಹುದು ಎಂದೆಲ್ಲ ಊಹೆ. 2000ನೇ ಇಸವಿಯಲ್ಲಿ, ಮತ್ತೆ 2002ರಲ್ಲಿ, ಅಮೆರಿಕದ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಅದನ್ನು ಬಿಡಿಸಿ ತೋರಿಸಿದರು. ಬೆರಳಿನ ತಳದ ಮಡಿಕೆಗಳಲ್ಲಿ ಲಕ್ಷಾಂತರ ಸೂಕ್ಷ್ಮ ರೋಮಗಳಿವೆ, ಒಂದೊಂದು ರೋಮದ ತುದಿಯೂ ನೂರಾರು ಕವಲಾಗಿ ಒಡೆದಿದೆ. ಆ ಕವಲುಗಳು ಮೇಲ್ಮೈಗೆ ಎಷ್ಟು ಹತ್ತಿರ ಬರುತ್ತವೆಂದರೆ ಅಣುಗಳ ನಡುವಣ ಸಣ್ಣ ಸೆಳೆತವೇ, ಅಂದರೆ ವಾನ್ ಡರ್ ವಾಲ್ಸ್ ಬಲವೇ, ಹಲ್ಲಿಯ ಇಡೀ ಭಾರವನ್ನು ಹಿಡಿದುಕೊಳ್ಳುತ್ತದೆ. ಅಂಟೂ ಇಲ್ಲ, ಬಟ್ಟಲೂ ಇಲ್ಲ.

ಆದರೆ ಸಹ್ಯಾದ್ರಿಯ ಬಹುಪಾಲು ಕಾಡುಹಲ್ಲಿಗಳಿಗೆ ಈ ಸೌಕರ್ಯವೇ ಇಲ್ಲ! ನೆಮಾಸ್ಪಿಸ್ ಎಂಬ ಕುಲದ ಪುಟ್ಟ ಹಲ್ಲಿಗಳಿವೆ. ಎಷ್ಟೋ ಪ್ರಭೇದಗಳು ಬಾಲ ಬಿಟ್ಟು ಅಳೆದರೆ ನಮ್ಮ ಕಿರುಬೆರಳಿನಷ್ಟೂ ಬರುವುದಿಲ್ಲ. ಅವುಗಳ ಬೆರಳು ಸಪೂರ, ಗಂಟುಗಂಟಾಗಿ ಬಾಗಿದ್ದು, ತುದಿಯಲ್ಲಿ ಉಗುರು. ಬಂಡೆಯ ಒರಟನ್ನೂ ತೊಗಟೆಯ ಬಿರುಕನ್ನೂ ಆ ಉಗುರಿನಿಂದಲೇ ಹಿಡಿದು ಓಡುತ್ತವೆ. ಇನ್ನೊಂದು ವಿಶೇಷ, ಇವು ಹೆಚ್ಚಾಗಿ ಹಗಲು ತಿರುಗುವ ಹಲ್ಲಿಗಳು. ರಾತ್ರಿ ಬೇಟೆಯಾಡುವ ಹಲ್ಲಿಯ ಕಣ್ಣಿನ ಪಾಪೆ ನೆಟ್ಟಗೆ ಸೀಳಿದಂತಿರುತ್ತದೆ. ಹಗಲಿನ ಈ ಹಲ್ಲಿಗೆ ನಮ್ಮಂತೆಯೇ ದುಂಡನೆಯ ಪಾಪೆ. ಬೆಳಕಿನಲ್ಲಿ ಬದುಕುವುದರಿಂದ ಬಣ್ಣಕ್ಕೆ ಬೆಲೆಯುಂಟು. ಹಲವು ಪ್ರಭೇದಗಳಲ್ಲಿ ಗಂಡಿನ ಗಂಟಲು ಹಳದಿ ಅಥವಾ ಕಿತ್ತಳೆಯಾಗಿ ಹೊಳೆಯುತ್ತದೆ, ಹೆಣ್ಣು ಬಂಡೆಯ ಬಣ್ಣದಲ್ಲೇ ಅಡಗಿರುತ್ತದೆ. ಗಂಡಿನ ತೊಡೆಯಲ್ಲೋ ಹೊಟ್ಟೆಯ ಬುಡದಲ್ಲೋ ಸಣ್ಣ ರಂಧ್ರಗಳ ಸಾಲು. ಅವುಗಳಿಂದ ಒಸರುವ ಮೇಣದಂಥ ವಸ್ತುವಿನ ವಾಸನೆ ಕಲ್ಲಿಗೆ ಅಂಟಿಕೊಂಡು ‘ಇದು ನನ್ನ ಜಾಗ’ ಎಂದು ಸಾರುತ್ತದೆ. ಹೊಸ ಪ್ರಭೇದ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ವಿಜ್ಞಾನಿಗಳು ಭೂತಗನ್ನಡಿ ಹಿಡಿದು ಈ ರಂಧ್ರಗಳನ್ನು ಎಣಿಸುತ್ತಾ ಕೂರುತ್ತಾರೆ.

ಹೆಣ್ಣು ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಗಟ್ಟಿ ಸುಣ್ಣದ ಚಿಪ್ಪಿನ ಬಿಳಿ ಮೊಟ್ಟೆಗಳು, ಬಂಡೆಯ ಸಂದಿಯಲ್ಲಿ ಅಂಟಿಕೊಂಡಿರುತ್ತವೆ. ಒಳ್ಳೆಯ ಸಂದಿ ಸಿಕ್ಕಿದರೆ ಹಲವು ಹೆಣ್ಣುಗಳು ಅಲ್ಲೇ ಬಂದು ಇಡುತ್ತವೆ. ಹಾಗಾಗಿ ಒಂದು ಬಂಡೆ ಸಿಡಿಸಿದರೆ ಎಷ್ಟೋ ಹಲ್ಲಿಗಳ ಆ ಋತುವಿನ ಸಂತಾನವೆಲ್ಲ ಹೋದಂತೆ.

ಈಗ ಒಂದು ಕಥೆ. 1875ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆಲ್ಬರ್ಟ್ ಗುಂಥರ್, ಆನೆಮಲೆಯಿಂದ ಬಂದ ಒಂದು ಹಲ್ಲಿಯನ್ನು ವಿವರಿಸಿ ಹೆಸರಿಟ್ಟ. 1933ರಲ್ಲಿ ಮಾಲ್ಕಮ್ ಸ್ಮಿತ್, ಇದು ಬೇರೆ ಯಾವ ಹಲ್ಲಿಗೂ ಹೊಂದುವುದಿಲ್ಲವೆಂದು ಅದಕ್ಕೆ ಪ್ರತ್ಯೇಕ ಕುಲವನ್ನೇ ಕಟ್ಟಿ ‘ದ್ರಾವಿಡೋಗೆಕೋ’ ಎಂದು ಕರೆದ. ಒಂದೇ ಕುಲ, ಅದರಲ್ಲಿ ಒಂದೇ ಪ್ರಭೇದ. ವಯನಾಡಿನಲ್ಲಿ ಕಂಡರೂ ಅದೇ ಹೆಸರು, ಕೊಡೈಕೆನಾಲಿನಲ್ಲಿ ಕಂಡರೂ ಅದೇ ಹೆಸರು. ಹೀಗೆ 144 ವರ್ಷ ಕಳೆಯಿತು. 2019ರಲ್ಲಿ ನಮ್ಮ ದೇಶದ ಯುವ ಸಂಶೋಧಕರ ತಂಡವೊಂದು ಬೆಟ್ಟ ಬೆಟ್ಟ ಸುತ್ತಿ ತಂದ ಮಾದರಿಗಳ ಡಿಎನ್ಎ ಓದಿತು, ರಂಧ್ರಗಳನ್ನು ಎಣಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಆ ಕೆಲಸದಲ್ಲಿದ್ದರು. ಒಂದೆಂದು ತಿಳಿದಿದ್ದದ್ದು ಏಳಾಗಿ ಹೊರಬಂತು! ಆನೆಮಲೆಯದು ಒಂದು, ಮುನ್ನಾರಿನದು ಇನ್ನೊಂದು, ಕೊಡೈಕೆನಾಲಿನದು ಮಗದೊಂದು, ಮೇಘಮಲೆಗೆ ಬೇರೆ, ಪೊನ್ಮುಡಿಗೆ ಬೇರೆ, ವಯನಾಡಿಗೆ ಬೇರೆ. ನೋಡಲು ಎಲ್ಲವೂ ಬೂದುಕಂದು ಬಣ್ಣದ ಒಂದೇ ಹಲ್ಲಿ. ಒಳಗಿನ ವಂಶಾವಳಿಯಲ್ಲಿ ಲಕ್ಷಾಂತರ ವರ್ಷಗಳ ದೂರ.

ಹಗಲು ಹಲ್ಲಿಗಳ ವಿಷಯದಲ್ಲೂ ಹಾಗೆಯೇ ಆಯಿತು. 2021ರಲ್ಲಿ ಒಂದೇ ಪ್ರಬಂಧದಲ್ಲಿ 12 ಹೊಸ ನೆಮಾಸ್ಪಿಸ್ ಪ್ರಭೇದಗಳು ಬೆಳಕಿಗೆ ಬಂದವು. ಅವುಗಳಲ್ಲಿ ಒಂದಕ್ಕೆ, ಅದರ ಚುರುಕು ನೆಗೆತವನ್ನು ಕಂಡು, ಹಾಂಗ್‌ಕಾಂಗಿನ ಚಿತ್ರನಟ ಜಾಕಿ ಚಾನ್ ಹೆಸರಿಟ್ಟಿದ್ದಾರೆ. ನಮ್ಮ ಸಕಲೇಶಪುರದ ಕಡೆಯ ಹಲ್ಲಿಯೊಂದು 2020ರಲ್ಲಿ ‘ಮ್ಯಾಗ್ನಿಫಿಕಾ’ ಎನಿಸಿಕೊಂಡಿತು. ಕಾಫಿ ತೋಟ, ರೈಲು, ಹೆದ್ದಾರಿಗಳ ಪಕ್ಕದಲ್ಲೇ ಇದ್ದ ಪ್ರಾಣಿಗೆ ನಾವು ಹೆಸರಿಟ್ಟದ್ದು ಮೊನ್ನೆ ಮೊನ್ನೆ.

ಹಾಗಾದರೆ ಒಂದೊಂದು ಬೆಟ್ಟಕ್ಕೆ ಒಂದೊಂದು ಹಲ್ಲಿ ಯಾಕೆ? ಈ ಪ್ರಶ್ನೆಗೆ ನನಗೆ ತುಂಬ ಇಷ್ಟವಾದ ಉತ್ತರ 1967ರಲ್ಲಿ ಡೇನಿಯಲ್ ಜಾನ್ಸೆನ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ ಬರೆದದ್ದು. ಉಷ್ಣವಲಯದಲ್ಲಿ ಬೆಟ್ಟದ ದಾರಿಗಳು ಹೆಚ್ಚು ಎತ್ತರ ಎಂಬುದು ಅವನ ವಾದ. ಮೀಟರಿನ ಲೆಕ್ಕದಲ್ಲಿ ಅಲ್ಲ, ಪ್ರಾಣಿಯ ಮೈಯ ಲೆಕ್ಕದಲ್ಲಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೂರೋಪಿನ ಒಂದು ಕಣಿವೆಯ ಪ್ರಾಣಿಯನ್ನು ತೆಗೆದುಕೊಳ್ಳಿ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ. ಒಂದೇ ವರ್ಷದಲ್ಲಿ ಎರಡನ್ನೂ ತಾಳಿಕೊಳ್ಳುವುದು ಅದಕ್ಕೆ ಅಭ್ಯಾಸ. ಅದು ಬೆಟ್ಟ ಹತ್ತಿದರೆ ಅಲ್ಲಿ ಸಿಗುವ ತಂಪು ಹೊಸದಲ್ಲ, ಕಣಿವೆಯಲ್ಲೇ ಕಂಡಿದ್ದ ತಂಪು. ಹಾಗಾಗಿ ಬೆಟ್ಟ ದಾಟುವುದು ಕಷ್ಟವಾಗದು. ನಮ್ಮಲ್ಲಿ ಪರಿಸ್ಥಿತಿ ಬೇರೆ. ಪ್ರತಿ 1,000 ಮೀಟರ್ ಏರಿದಂತೆ ಗಾಳಿ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಮಂಗಳೂರಿನ ಸೆಕೆ ಡಿಸೆಂಬರಿನಲ್ಲೂ ಸೆಕೆಯೇ. 1,900 ಮೀಟರಿಗೆ ಹತ್ತಿರದ ಕುದುರೆಮುಖದ ನೆತ್ತಿ ಏಪ್ರಿಲ್‌ನಲ್ಲೂ ಕರಾವಳಿಗಿಂತ ಎಷ್ಟೋ ತಂಪು. ಕೆಳಗಿನ ಹವೆಗೂ ಮೇಲಿನ ಹವೆಗೂ ವರ್ಷದ ಯಾವ ತಿಂಗಳಲ್ಲೂ ಸರಿಯಾಗಿ ಭೇಟಿಯಾಗುವುದಿಲ್ಲ. ಮೇಲೆ ಹುಟ್ಟಿದ ಹಲ್ಲಿಯ ಮೈ ಆ ತಂಪಿನ ಕಿರಿದಾದ ಪಟ್ಟಿಗಷ್ಟೇ ಒಗ್ಗಿರುತ್ತದೆ. ಎದುರುಗಡೆ ಕಣ್ಣಿಗೆ ಕಾಣುವ ಇನ್ನೊಂದು ಶಿಖರಕ್ಕೆ ಹೋಗಬೇಕಾದರೆ ನಡುವಿನ ಬಿಸಿ ಕಣಿವೆಯನ್ನು ಇಳಿದು ಹತ್ತಬೇಕು. ಅದು ಅದರ ಕೈಲಾಗದ ಕೆಲಸ.

ಪಾಲಕ್ಕಾಡಿನ ಬಳಿ ಸಹ್ಯಾದ್ರಿ ಕಡಿದುಹೋದಂತೆ ಒಂದು ಕಂಡಿಯಿದೆಯಲ್ಲ, ಸುಮಾರು 30ರಿಂದ 40 ಕಿಲೋಮೀಟರ್ ಅಗಲದ್ದು, ಅದರ ಉತ್ತರಕ್ಕೆ ಒಂದು ಬಗೆ, ದಕ್ಷಿಣಕ್ಕೆ ಇನ್ನೊಂದು ಬಗೆ ಪ್ರಾಣಿಗಳು ಸಿಗುವುದಕ್ಕೂ ಇದೇ ಕಾರಣ. ರೈಲು ಒಂದು ಗಂಟೆಯೊಳಗೆ ದಾಟುವ ಬಯಲನ್ನು ಕಾಡುಹಲ್ಲಿಗಳು ದಾಟಲಿಲ್ಲ. ಶೋಲಾ ಕಾಡುಗಳಿರುವ ಶಿಖರಗಳನ್ನು ವಿಜ್ಞಾನಿಗಳು ಆಕಾಶದ ದ್ವೀಪಗಳು ಎನ್ನುತ್ತಾರೆ. ಕೆಳಗೆ ಕಡಲಿನ ಬದಲು ಬಿಸಿ ಗಾಳಿ ಸುತ್ತಿಕೊಂಡಿದೆ, ಅಷ್ಟೇ ವ್ಯತ್ಯಾಸ.

ಈ ದ್ವೀಪಗಳನ್ನು ಮೊದಲು ಜಾಲಾಡಿದವರಲ್ಲಿ ರಿಚರ್ಡ್ ಹೆನ್ರಿ ಬೆಡ್ಡೋಮ್ ದೊಡ್ಡ ಹೆಸರು. ಸೈನ್ಯದಲ್ಲಿದ್ದವನು, ಆಮೇಲೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯನ್ನು ಸುಮಾರು ಎರಡು ದಶಕ ಕಾಲ ನಡೆಸಿದವನು. ಜರೀಗಿಡಗಳ ಬಗ್ಗೆ ಪುಸ್ತಕ ಬರೆದವನೂ ಅವನೇ, ಮಣ್ಣು ಕೆದಕಿ ಹಾವು ಹಲ್ಲಿ ಹುಡುಕಿದವನೂ ಅವನೇ. ವಯನಾಡಿನ ಹಗಲು ಹಲ್ಲಿಗೂ ಕೊಳ್ಳೇಗಾಲದ ಹೆಸರು ಹೊತ್ತ ನೆಲಹಲ್ಲಿಗೂ ಅವನು 1870ರಲ್ಲಿ ಹೆಸರಿಟ್ಟ. ನೆಲಹಲ್ಲಿ ಅಂದೆನಲ್ಲ, ಅದು ಗೋಡೆ ಹತ್ತುವ ಜಾತಿಯೇ ಅಲ್ಲ, ರಾತ್ರಿ ಕಾಡಿನ ನೆಲದಲ್ಲಿ ತೆಳ್ಳನೆಯ ಕಾಲುಗಳ ಮೇಲೆ ಮೈಯೆತ್ತಿ ನಡೆಯುತ್ತದೆ. ಇದರ ಇನ್ನೊಬ್ಬ ಸೋದರ, ಬಿಳಿ ಪಟ್ಟೆಯದು, ದಕ್ಷಿಣ ಕನ್ನಡದಿಂದ 1885ರಲ್ಲಿ ದಾಖಲಾಯಿತು. ಜೋಗದ ಆಸುಪಾಸಿನ ಬಂಡೆಗಳಿಂದ ಸಿಕ್ಕ ಒಂದು ದೊಡ್ಡ ಹಲ್ಲಿಗೆ 1935ರಲ್ಲಿ ಮಾಲ್ಕಮ್ ಸ್ಮಿತ್, ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಬೈನಿ ಪ್ರಸಾದರ ಹೆಸರಿಟ್ಟ. ಉತ್ತರ ಕನ್ನಡದ ಗುಂದ ಎಂಬ ಊರಿನಿಂದ 2002ರಲ್ಲಿ ಎರಡು ಹಗಲು ಹಲ್ಲಿಗಳು ಒಟ್ಟಿಗೇ ಹೊಸದಾಗಿ ವಿವರಣೆ ಪಡೆದವು. ಹಲ್ಲಿಗಳ ಜಾಗತಿಕ ಪಟ್ಟಿಯಲ್ಲಿ ನಮ್ಮ ಹಳ್ಳಿ ಹೋಬಳಿಗಳಿಗೆ ಹೀಗೆ ಕಾಯಂ ವಿಳಾಸ ಸಿಕ್ಕಿದೆ.

ಹಾವುರಾಣಿಗಳ ಕಡೆಗೂ ಸ್ವಲ್ಪ ಗಮನ ಕೊಡೋಣ. ಸಹ್ಯಾದ್ರಿಯಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಎರಡು ಕುಲಗಳು ಇಲ್ಲಿವೆ. ಒಂದು ರಿಸ್ಟೆಲ್ಲಾ. ಇದಕ್ಕೆ ಬೆಕ್ಕಿನ ಹಾವುರಾಣಿ ಎಂದು ಕರೆಯುವುದುಂಟು, ಯಾಕೆಂದರೆ ಇದು ಬೆಕ್ಕಿನಂತೆ ಉಗುರನ್ನು ಹುರುಪೆಯ ಒರೆಯೊಳಗೆ ಪೂರ್ತಿ ಎಳೆದುಕೊಳ್ಳಬಲ್ಲದು. ಬೆಟ್ಟದ ತರಗೆಲೆಯಡಿ ಬದುಕುವ ಸಣ್ಣ ಪ್ರಾಣಿ, ಅದರ ಒಂದು ಪ್ರಭೇದ ನಮ್ಮ ಮಲೆನಾಡಿನಲ್ಲೂ ಉಂಟು. ಇನ್ನೊಂದು ಕುಲ ಕೇಸ್ಟ್ಲಿಯಾ. ಕಂದು ಮೈಗೆ ನೀಲಿ ಬಾಲ ಜೋಡಿಸಿದಂತಿರುವ ಪುಟ್ಟ ಹಾವುರಾಣಿಗಳು. ಇವೆರಡೂ ನೆಲದವು. ಮರದ ಮೇಲೆ ಬದುಕುವ ಡೇಸಿಯಾ ಎಂಬ ಹಾವುರಾಣಿಗಳೂ ಇಲ್ಲಿವೆ. ಎತ್ತರದ ಕೊಂಬೆಗಳಲ್ಲಿರುವ ಕಾರಣ ಅವು ನೋಡಸಿಗುವುದು ಅಪರೂಪ. 2012ರಲ್ಲಿ ಹೊಸದಾಗಿ ಗುರುತಿಸಿದ ಒಂದಕ್ಕೆ ವನ್ಯಜೀವಿ ತಜ್ಞ ಎ.ಜೆ.ಟಿ. ಜಾನ್‌ಸಿಂಗ್ ಅವರ ಹೆಸರಿದೆ.

ಕತ್ತಲ ಎಲೆರಾಶಿಯಲ್ಲಿ ಬದುಕುವ ಪ್ರಾಣಿಗೆ ಎದ್ದು ಕಾಣುವ ನೀಲಿ ಬಾಲ ಏತಕ್ಕೆ? ಹಾವೋ ಕಾಡುಕೋಳಿಯೋ ಎರಗಿದಾಗ ಮೊದಲು ಅದರ ಕಣ್ಣು ಬಾಲದ ಮೇಲೆ ಬೀಳಲಿ ಎಂದು. ಬಾಲದ ಮೂಳೆಗಳಲ್ಲಿ ಮುಂಚೆಯೇ ಬಿರುಕಿನ ಗೆರೆಗಳಿರುತ್ತವೆ. ಸ್ನಾಯು ಬಿಗಿಯುತ್ತದೆ, ಬಾಲ ಕಳಚುತ್ತದೆ, ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಬೇಟೆಗಾರ ಕುಣಿಯುವ ಬಾಲವನ್ನು ಹಿಡಿದುಕೊಳ್ಳುವಷ್ಟರಲ್ಲಿ ಒಡೆಯ ಪರಾರಿ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ ಒಂದು ಕೋಲು ಇರುತ್ತದೆ. ಪ್ರಾಣ ಉಳಿದರೂ ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಅನೇಕ ಹಲ್ಲಿ, ಹಾವುರಾಣಿಗಳು ಕೊಬ್ಬನ್ನು ಕೂಡಿಡುವುದೇ ಬಾಲದಲ್ಲಿ.

ಬೆಟ್ಟದ ಹಲ್ಲಿ ಕಿರಿದಾದ ಹವೆಯಲ್ಲಿ ಬದುಕುತ್ತದೆ ಅಂದೆ. ಅದರಿಂದ ಇಷ್ಟೊಂದು ಬಗೆ ಹುಟ್ಟಿಕೊಂಡವು, ಸರಿ. ಅದೇ ಈಗ ಅದಕ್ಕೆ ಉರುಳಾಗುತ್ತಿದೆ. ಬಯಲಿನ ಓತಿಕ್ಯಾತ ಬಿಸಿಲು ಬೇಕೆಂದಾಗ ಬಂಡೆಗೆ ಬರುತ್ತದೆ, ಸಾಕೆಂದಾಗ ಪೊದೆಗೆ ಹೋಗುತ್ತದೆ. ಮೈಯ ಬಿಸಿಯನ್ನು ತಾನೇ ಹದ ಮಾಡಿಕೊಳ್ಳುತ್ತದೆ. ದಟ್ಟ ಕಾಡಿನೊಳಗೆ ಬಿಸಿಲಿನ ತೇಪೆಗಳೇ ಕಡಿಮೆ. ಗಾಳಿ ಎಷ್ಟು ಬೆಚ್ಚಗೋ ಹಲ್ಲಿಯ ಮೈಯೂ ಸುಮಾರಾಗಿ ಅಷ್ಟೇ ಬೆಚ್ಚಗೆ. ಕಾಡಿನ ಗಾಳಿಯೇ ಎರಡು ಡಿಗ್ರಿ ಏರಿದರೆ ಅದು ಓಡಿಹೋಗಿ ಕೂರಲು ಬೇರೆ ನೆರಳಿಲ್ಲ, ಅದಾಗಲೇ ನೆರಳಿನಲ್ಲಿದೆ. 2009ರಲ್ಲಿ ವಿಜ್ಞಾನಿ ರೇಮಂಡ್ ಹ್ಯೂಯಿ ಮತ್ತು ಸಂಗಡಿಗರು ಎಚ್ಚರಿಸಿದ್ದು ಇದನ್ನೇ. ಮರುವರ್ಷ ಬ್ಯಾರಿ ಸಿನರ್ವೋ ತಂಡ ಮೆಕ್ಸಿಕೋದ 200 ಜಾಗಗಳಿಗೆ ಮತ್ತೆ ಹೋಗಿ ನೋಡಿತು. ಹಿಂದೆ ಓತಿಕ್ಯಾತದಂಥ ಪ್ರಾಣಿಗಳಿದ್ದ ಆ ಜಾಗಗಳಲ್ಲಿ 1975ರಿಂದೀಚೆಗೆ ಶೇಕಡಾ 12ರಷ್ಟು ಖಾಲಿಯಾಗಿದ್ದವು. ಬಿಸಿಲು ಹೆಚ್ಚಾದಂತೆ ಆ ಪ್ರಾಣಿಗಳು ಬಿಲದಲ್ಲೇ ಹೆಚ್ಚು ಹೊತ್ತು ಕೂತವು, ಬೇಟೆಗೆ ಸಮಯ ಸಾಲದೆ ಸಂತಾನ ಸೊರಗಿತು. ಹೀಗೇ ಮುಂದುವರಿದರೆ 2080ರ ಹೊತ್ತಿಗೆ ಹಲ್ಲಿ, ಓತಿ, ಹಾವುರಾಣಿ ಎಲ್ಲ ಸೇರಿ ಲೋಕದ ಪ್ರಭೇದಗಳಲ್ಲಿ ಐದರಲ್ಲಿ ಒಂದು ಅಳಿಯಬಹುದೆಂದು ಅವರ ಅಂದಾಜು. ಸಹ್ಯಾದ್ರಿಯ ಹಲ್ಲಿಗೆ ಇನ್ನೂ ಒಂದು ಕಷ್ಟ ಇದೆ. ಸೆಕೆಯಾಯಿತೆಂದು ಮೇಲೆ ಮೇಲೆ ಹತ್ತಬಹುದು, ಆದರೆ ಬೆಟ್ಟದ ತುದಿ ಮುಟ್ಟಿದ ಮೇಲೆ ಹತ್ತಲು ಏನೂ ಉಳಿಯುವುದಿಲ್ಲ.

ಜಗತ್ತಿನ ಬಿಸಿಯನ್ನು ನಾವು ನೀವು ಒಂದು ದಿನದಲ್ಲಿ ಇಳಿಸಲಾರೆವು. ಆದರೆ ಕಾಡಿನ ನೆಲದ ಬಿಸಿಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೇಲಿನ ಕೊಂಬೆಗಳು ಮತ್ತು ಕೆಳಗಿನ ತರಗೆಲೆ. ಇವೆರಡೂ ನಮ್ಮ ಕೈಯಲ್ಲಿವೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟವಿಲ್ಲದೆ ತೋಟವಿಲ್ಲ, ದರಕು, ಅಂದರೆ ತರಗೆಲೆ, ಇಲ್ಲದೆ ಕೊಟ್ಟಿಗೆಯಿಲ್ಲ ಎಂಬುದು ನನಗೆ ಗೊತ್ತು. ದರಕು ತರಬೇಡಿ ಎಂದು ಹೇಳುವ ಉದ್ದೇಶ ನನ್ನದಲ್ಲ. ಒಂದೇ ವರ್ಷ ಬೆಟ್ಟದ ನೆಲವನ್ನೆಲ್ಲ ಗುಡಿಸಿ ಬೋಳಾಗಿಸುವ ಬದಲು ಒಂದು ಪಾಲನ್ನು ಸರದಿಯ ಮೇಲೆ ಬಿಟ್ಟರೆ ನೆಲದ ತೇವ ಉಳಿಯುತ್ತದೆ. ಆ ತೇವದಲ್ಲಿ ಹುಳು, ಹುಳುವನ್ನು ತಿನ್ನುವ ಹಾವುರಾಣಿ, ಎರಡೂ ಉಳಿಯುತ್ತವೆ. ಬೆಟ್ಟದ ಮಣ್ಣಿಗೂ ಅದು ಒಳ್ಳೆಯದೇ. ಕಾಫಿ ತೋಟದ ಹಳೆಯ ನೆರಳಿನ ಮರಗಳನ್ನು ಕಡಿದು ಸಿಲ್ವರ್ ಓಕ್ ಒಂದನ್ನೇ ನೆಡುವ ಮುಂಚೆಯೂ ಈ ಲೆಕ್ಕ ಹಾಕುವುದು ಒಳಿತು. ಬಿದ್ದು ಕೊಳೆಯುತ್ತಿರುವ ದಿಮ್ಮಿ ಅಲ್ಲೇ ಇರಲಿ. ಫೆಬ್ರವರಿ, ಮಾರ್ಚಿನಲ್ಲಿ ಹುಲ್ಲಿಗೆ ಇಟ್ಟ ಬೆಂಕಿ ಕಾಡಿನ ಅಂಚು ಹೊಗದಂತೆ ನೋಡಿಕೊಳ್ಳಬೇಕು. ಓಡಿ ತಪ್ಪಿಸಿಕೊಳ್ಳುವಷ್ಟು ಉದ್ದದ ಕಾಲು ತರಗೆಲೆಯ ಜೀವಿಗಳಿಗೆ ಇಲ್ಲ.

ಸರಕಾರದ ಮಟ್ಟದಲ್ಲೂ ಒಂದು ಮಾತು. 2012ರಲ್ಲಿ ಯುನೆಸ್ಕೊ ಸಹ್ಯಾದ್ರಿಯ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅವುಗಳಲ್ಲಿ 10 ಕರ್ನಾಟಕದವು. ನಮ್ಮ ರಕ್ಷಿತಾರಣ್ಯಗಳ ಎಲ್ಲೆಗಳನ್ನು ಹೆಚ್ಚಾಗಿ ಹುಲಿ, ಆನೆಗಳ ಓಡಾಟ ನೋಡಿ ಎಳೆದದ್ದು. ಅದು ತಪ್ಪಲ್ಲ, ಆದರೆ ಹಲ್ಲಿಗಳಿಗೆ ಆ ನಕ್ಷೆ ಸಾಲದು. ರಕ್ಷಿತಾರಣ್ಯದ ಹೊರಗಿರುವ ಒಂದು ಒಂಟಿ ಗುಡ್ಡ, ಒಂದು ಬಂಡೆಸಾಲು, ಕೊಡಗಿನಲ್ಲಿ 1,200ಕ್ಕೂ ಹೆಚ್ಚಿರುವ ದೇವರಕಾಡುಗಳಲ್ಲಿ ಎರಡು ಮೂರು ಎಕರೆಯ ಒಂದು ತುಂಡು, ಯಾವುದೋ ಒಂದು ಪ್ರಭೇದಕ್ಕೆ ಮುಖ್ಯವಾದ ನೆಲೆಯಾಗಿರಬಹುದು. ಅಲ್ಲಿ ರಸ್ತೆ ಅಗಲಿಸುವಾಗ, ಕಲ್ಲುಗಣಿಗೆ ಪರವಾನಗಿ ಕೊಡುವಾಗ ‘ಇಲ್ಲಿ ದೊಡ್ಡ ಪ್ರಾಣಿಗಳೇನೂ ಇಲ್ಲ’ ಎಂದು ಒಂದು ಸಾಲು ಬರೆದು ಕಡತ ಮುಚ್ಚುವುದು ಸುಲಭ. ಬಂಡೆಯ ಸಂದಿಗಳಲ್ಲಿ ಒಬ್ಬ ತಜ್ಞ ಟಾರ್ಚು ಬಿಟ್ಟು ನೋಡಿ ವರದಿ ಕೊಟ್ಟ ಮೇಲೆಯೇ ಆ ಕಡತ ಮುಂದೆ ಹೋಗಲಿ ಎಂಬುದು ನನ್ನ ಕೋರಿಕೆ.

ಹುಲಿಗೆ ನೂರಾರು ಚದರ ಕಿಲೋಮೀಟರ್ ಕಾಡು ಹೊಂದಿಸಿಕೊಡುವುದು ಕಷ್ಟದ ಕೆಲಸ. ಒಂದು ಹಲ್ಲಿ ಪ್ರಭೇದಕ್ಕೆ ಎಷ್ಟೋ ಕಡೆ ಒಂದು ಊರಿನವರು ಮನಸ್ಸು ಮಾಡಿದರೆ ಸಾಕು. ನಿಮ್ಮೂರಿನ ಗುಡ್ಡದ ನೆತ್ತಿಯಲ್ಲಿ ಹಳೆಯ ಕಾಡಿನ ಒಂದು ತುಣುಕು ಉಳಿದಿದ್ದರೆ, ಅದನ್ನು ಹಾಗೇ ಉಳಿಸಿಕೊಳ್ಳಬೇಕೆಂಬ ಮಾತು ಮುಂದಿನ ಗ್ರಾಮಸಭೆಯಲ್ಲಿ ಬರಲಿ. ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕ ಇರಬೇಕು. ಆ ಪುಸ್ತಕದಲ್ಲಿ ಹಲ್ಲಿ ಮತ್ತು ಹಾವುರಾಣಿಗೂ ಒಂದು ಪುಟ ಬರೆಸಿ.